ಡೀಸೆಲ್ ಕಾರು ನಿಂತಲ್ಲೇ ನಡುಗುತ್ತದೆ, ಎಳೆಯುವ ಶಕ್ತಿಯೂ ಕುಗ್ಗಿದೆ: ಕಾರಣವನ್ನು ಪತ್ತೆ ಮಾಡುವುದು ಹೇಗೆ?

ಎರಡೂ ಲಕ್ಷಣಗಳು ಒಟ್ಟಿಗೆ ಕಾಣಿಸಿಕೊಂಡಿರುವುದರಿಂದ, ಬಿಡಿಭಾಗಗಳನ್ನು ಬದಲಿಸುವ ಮೊದಲು ಸಿಲಿಂಡರಿಗೆ ಸರಿಯಾಗಿ ತಲುಪದಿರುವುದು ಇಂಧನವೋ ಗಾಳಿಯೋ ಎಂಬುದನ್ನು ನಿರ್ಧರಿಸಿಕೊಳ್ಳಬೇಕು. ಸ್ಕ್ಯಾನರ್ ಜೋಡಿಸಿ ದೋಷ ಸಂಕೇತಗಳನ್ನು ಓದಿ. ಆದರೆ ಸಂಕೇತ ತೋರಿಸಿದ ಭಾಗವೇ ಕೆಟ್ಟಿದೆ ಎಂದು ದಯವಿಟ್ಟು ತೀರ್ಮಾನಿಸಬೇಡಿ.

ಡೀಸೆಲ್ ಫಿಲ್ಟರ್ ಕಟ್ಟಿಕೊಂಡಿದೆಯೇ, ಅದರಲ್ಲಿ ನೀರು ಸೇರಿದೆಯೇ, ಇಂಧನದ ಪೈಪಿನಲ್ಲಿ ಗಾಳಿಯ ಗುಳ್ಳೆಗಳು ಕಾಣುತ್ತಿವೆಯೇ ಎಂದು ಮೊದಲು ನೋಡಿ.

ಅಲ್ಲಿ ದೋಷವಿಲ್ಲದಿದ್ದರೆ ನನ್ನ ಸಂದೇಹ ಸಿಲಿಂಡರಿಗೆ ಡೀಸೆಲ್ ಸಿಂಪಡಿಸುವ ಇಂಜೆಕ್ಟರುಗಳ ಮೇಲೆ. ಕಾಮನ್ ರೈಲ್ ಇಂಜಿನ್ನಿನಲ್ಲಿ (‘ರೈಲ್’ ಎಂಬ ಒಂದೇ ಅಧಿಕ ಒತ್ತಡದ ಕೊಳವೆಯಿಂದ ಎಲ್ಲ ಇಂಜೆಕ್ಟರುಗಳಿಗೂ ಡೀಸೆಲ್ ಹೋಗುವ ಇಂಜಿನ್) ಪ್ರತಿ ಇಂಜೆಕ್ಟರಿನಿಂದ ಟ್ಯಾಂಕಿಗೆ ಹಿಂದಿರುಗುವ ಡೀಸೆಲನ್ನು ಪ್ರತ್ಯೇಕ ಅಳತೆ-ಸೀಸೆಗಳಲ್ಲಿ ಹಿಡಿದು ಹೋಲಿಸಿದಾಗ, ಉಳಿದವುಗಳಿಗಿಂತ ಬಹಳ ಹೆಚ್ಚು ಹಿಂದಿರುಗಿಸುವ ಇಂಜೆಕ್ಟರ್ ಒಳಗೆ ಸವೆದಿದೆ ಎಂದು ತಿಳಿಯಬಹುದು. ಅಂಥ ಸೋರಿಕೆಯಿಂದ ರೈಲಿನ ಒತ್ತಡ ಬೀಳುವುದರಿಂದಲೇ ನಡುಕ ಮತ್ತು ಶಕ್ತಿಹೀನತೆ ಜೊತೆಯಾಗಿ ಬರುತ್ತವೆ. ಇಂಜಿನ್ ಓಡುತ್ತಿರುವಾಗ ಅಧಿಕ ಒತ್ತಡದ ಪೈಪನ್ನು ಎಂದಿಗೂ ಸಡಿಲಿಸಬೇಡಿ: ಅಲ್ಲಿನ ಒತ್ತಡ 1,600 ಬಾರ್‌ಗೂ ಮೀರಬಹುದು, ಚಿಮ್ಮುವ ಡೀಸೆಲ್ ಚರ್ಮವನ್ನು ಸೀಳಿ ಒಳಹೊಗುತ್ತದೆ.

ವೇಗ ಹೆಚ್ಚಿಸುವಾಗ ಕಪ್ಪು ಹೊಗೆ ಬಂದರೆ ಗಾಳಿಯ ಕೊರತೆಯನ್ನು ಶಂಕಿಸಬೇಕು. ಏರ್ ಫಿಲ್ಟರ್, ಗಾಳಿಯನ್ನು ಒತ್ತಿ ಕಳಿಸುವ ಟರ್ಬೋದಿಂದ ಅದನ್ನು ತಂಪಾಗಿಸುವ ಇಂಟರ್‌ಕೂಲರಿಗೆ ಹೋಗುವ ಹೋಸಿನ ಬಿರುಕು, ಇವುಗಳ ಜೊತೆಗೆ ಮಸಿ ಹಿಡಿದು ತೆರೆದೇ ಉಳಿದ ಇ.ಜಿ.ಆರ್. ವಾಲ್ವನ್ನೂ (ಸುಟ್ಟ ಅನಿಲದ ಒಂದು ಭಾಗವನ್ನು ಇಂಜಿನ್ನಿಗೆ ಮರಳಿ ಬಿಡುವ ವಾಲ್ವ್) ಪರೀಕ್ಷಿಸಿ, ಸುಟ್ಟ ಅನಿಲವನ್ನು ಅತಿಯಾಗಿ ಒಳಬಿಡುವ ಈ ವಾಲ್ವೊಂದೇ ಎರಡೂ ಲಕ್ಷಣಗಳನ್ನು ಉಂಟುಮಾಡಬಲ್ಲದು.

ಇವೆಲ್ಲ ಸರಿಯಿದ್ದೂ ಒಂದೇ ಸಿಲಿಂಡರ್ ದುರ್ಬಲವಾಗಿದ್ದರೆ ಕಂಪ್ರೆಷನ್ ಪರೀಕ್ಷೆ (ಸಿಲಿಂಡರ್ ಗಾಳಿಯನ್ನು ಎಷ್ಟು ಒತ್ತಡಕ್ಕೆ ಅದುಮಬಲ್ಲದು ಎಂಬ ಪರೀಕ್ಷೆ) ಮಾಡಿಸಿ.