ಕೊಲ್ಲುವ ಉದ್ದೇಶವಿಲ್ಲದಿದ್ದರೂ ನರಹತ್ಯೆಯೇ?

ಪ್ರಶ್ನೆ: ನನ್ನ ಮಗಳು ಇಂಗ್ಲೆಂಡಿನ ಆಸ್ಪತ್ರೆಯೊಂದರಲ್ಲಿ ನರ್ಸ್ ಆಗಿದ್ದಾಳೆ. ಕೆಲಸದಲ್ಲಿ ತಪ್ಪಾಗಿ ರೋಗಿ ತೀರಿಕೊಂಡರೆ ಅಲ್ಲಿ ನರಹತ್ಯೆಯ ಮೊಕದ್ದಮೆ ಹೂಡಬಹುದಂತೆ. ಕೊಲ್ಲುವ ಉದ್ದೇಶವೇ ಇಲ್ಲದವರ ಮೇಲೆ ಅದು ಹೇಗೆ ಸಾಧ್ಯ?

ಉತ್ತರ: ಸಾಧ್ಯವಿದೆ, ಆದರೆ ತಪ್ಪು ನಡೆದಿದೆ ಎಂದ ಮಾತ್ರಕ್ಕೆ ಅಪರಾಧವಾಗುವುದಿಲ್ಲ. ಘೋರ ನಿರ್ಲಕ್ಷ್ಯದ ನರಹತ್ಯೆ ಎಂಬ ಈ ಅಪರಾಧಕ್ಕೆ ಉದ್ದೇಶ ಬೇಕಿಲ್ಲ. ಇದರ ಇಂದಿನ ರೂಪ 1994ರಲ್ಲಿ, ಆಗ ಅಲ್ಲಿನ ಅತ್ಯುನ್ನತ ನ್ಯಾಯಾಲಯವೂ ಆಗಿದ್ದ ಹೌಸ್ ಆಫ್ ಲಾರ್ಡ್ಸ್ ಅಡೊಮಾಕೊ ಪ್ರಕರಣದಲ್ಲಿ ಕೊಟ್ಟ ತೀರ್ಪಿನಿಂದ ಬಂದದ್ದು. ಕಣ್ಣಿನ ಶಸ್ತ್ರಚಿಕಿತ್ಸೆಯ ನಡುವೆ ಉಸಿರಾಟದ ಕೊಳವೆ ಯಂತ್ರದಿಂದ ಕಳಚಿಕೊಂಡದ್ದನ್ನು ಅರಿವಳಿಕೆ ವೈದ್ಯರು ಗಮನಿಸದೆ ಹೋದದ್ದರಿಂದ ರೋಗಿ ಸತ್ತಿದ್ದರು. ವೈದ್ಯರಿಗೆ ವಿಧಿಸಿದ್ದ ಶಿಕ್ಷೆಯನ್ನು ನ್ಯಾಯಾಲಯ ಎತ್ತಿಹಿಡಿಯಿತು. ಆರೋಪಿಗೆ ಕಾಳಜಿ ವಹಿಸುವ ಕರ್ತವ್ಯವಿತ್ತು, ಅದಕ್ಕೆ ಆತ ಚ್ಯುತಿ ತಂದ, ಸಾವಿಗೆ ಅದೇ ಕಾರಣ ಎಂಬುದು ರುಜುವಾತಾದ ಮೇಲೆ, ಆ ಚ್ಯುತಿ ಶಿಕ್ಷೆಗೆ ಅರ್ಹವಾಗುವಷ್ಟು ಕೆಟ್ಟದ್ದೇ ಎಂಬುದನ್ನು ಜ್ಯೂರಿ ನಿರ್ಧರಿಸಬೇಕು. ಅಪರಾಧವೆನ್ನುವಷ್ಟು ಕೆಟ್ಟದ್ದಾಗಿದ್ದರೆ ಅಪರಾಧ ಎಂದು ಹೇಳಿದಂತಾಗುವ ಈ ಅಳತೆಗೋಲು ಸುತ್ತಿ ಬಳಸಿ ಹೊರಟಲ್ಲಿಗೇ ಬರುತ್ತದೆ ಎಂಬ ಟೀಕೆ ನನಗೂ ನ್ಯಾಯವೆನಿಸುತ್ತದೆ. 2004ರ ಮಿಶ್ರಾ ಪ್ರಕರಣದಲ್ಲಿ ಇದೇ ಆಕ್ಷೇಪವನ್ನು ಎತ್ತಿದಾಗ ಮೇಲ್ಮನವಿ ನ್ಯಾಯಾಲಯ ಅದನ್ನು ಒಪ್ಪಲಿಲ್ಲ.

ನಿಮ್ಮ ಮಗಳಿಗೆ ಹೆಚ್ಚು ಮುಖ್ಯವಾಗುವುದು 2017ರ ರೋಸ್ ತೀರ್ಪು. ದೃಷ್ಟಿ ಪರೀಕ್ಷಕಿಯೊಬ್ಬರು ಬಾಲಕನೊಬ್ಬನ ಕಣ್ಣಿನ ಒಳಭಾಗವನ್ನು ಸರಿಯಾಗಿ ಪರೀಕ್ಷಿಸಿರಲಿಲ್ಲ. ಪರೀಕ್ಷಿಸಿದ್ದರೆ ನರತಟ್ಟೆಯ (ದೃಷ್ಟಿನರ ಕಣ್ಣನ್ನು ಸೇರುವ ಜಾಗದ) ಬಾವು ಕಾಣುತ್ತಿತ್ತು, ತಿಂಗಳುಗಳ ನಂತರ ಸತ್ತ ಆ ಮಗು ಬಹುಶಃ ಉಳಿಯುತ್ತಿತ್ತು. ಆದರೂ ಮೇಲ್ಮನವಿಯಲ್ಲಿ ಶಿಕ್ಷೆ ರದ್ದಾಯಿತು. ಈ ಅಪರಾಧಕ್ಕೆ ಅಗತ್ಯವಾದ, ಸಾವಿನ ಗಂಭೀರ ಹಾಗೂ ಸ್ಪಷ್ಟವಾದ ಅಪಾಯ ಇತ್ತೇ ಎಂಬುದನ್ನು ತಪ್ಪು ನಡೆದ ಗಳಿಗೆಯಲ್ಲಿ ಆರೋಪಿಗೆ ತಿಳಿದಿದ್ದ ಸಂಗತಿಗಳ ಮೇಲೆಯೇ ಅಳೆಯಬೇಕೇ ಹೊರತು, ಕರ್ತವ್ಯ ಮಾಡಿದ್ದರೆ ತಿಳಿಯುತ್ತಿದ್ದ ಸಂಗತಿಗಳ ಮೇಲಲ್ಲ ಎಂದು ನ್ಯಾಯಾಲಯ ಹೇಳಿತು. ನೋಡದೇ ಇದ್ದವರಿಗೆ ಇದರಿಂದ ಅನುಕೂಲ, ನೋಡಿಯೂ ಸುಮ್ಮನಿದ್ದವರಿಗೆ ಸಂಕಷ್ಟ. ಮಗುವಿನ ತಂದೆತಾಯಿಗೆ ಇದು ಅರಗದ ಮಾತೇ ಸರಿ.

ಸಾವಿನ ಕಾರಣವನ್ನು ರುಜುವಾತುಪಡಿಸುವುದೂ ಸುಲಭವಲ್ಲ. 2020ರ ಬ್ರೌಟನ್ ಪ್ರಕರಣದಲ್ಲಿ, ಸಕಾಲಕ್ಕೆ ವೈದ್ಯರನ್ನು ಕರೆದಿದ್ದರೆ ಬದುಕುಳಿಯುವ ಸಾಧ್ಯತೆ ಶೇ. 90ರಷ್ಟಿತ್ತು ಎಂಬ ತಜ್ಞರ ಸಾಕ್ಷ್ಯ ಸಾಲದಾಯಿತು, ಏಕೆಂದರೆ ಕ್ರಿಮಿನಲ್ ಮೊಕದ್ದಮೆಯಲ್ಲಿ ಜ್ಯೂರಿಗೆ ಸಂಶಯಾತೀತವಾಗಿ ಖಚಿತವಾಗಬೇಕು.

ಅಪರಾಧ ಸಾಬೀತಾದರೆ ಗರಿಷ್ಠ ಶಿಕ್ಷೆ ಜೀವಾವಧಿ. ಶಿಕ್ಷೆ ನಿಗದಿಪಡಿಸಲು ನ್ಯಾಯಾಧೀಶರು ಅನುಸರಿಸುವ, 2018ರ ನವೆಂಬರ್‌ನಿಂದ ಜಾರಿಯಲ್ಲಿರುವ ಮಾರ್ಗಸೂಚಿಯ ವ್ಯಾಪ್ತಿ 1ರಿಂದ 18 ವರ್ಷಗಳ ಸೆರೆವಾಸ. ಇನ್ನೊಂದು ವಿಷಯ ಮಗಳಿಗೆ ತಿಳಿದಿರಲಿ: ಮೊಕದ್ದಮೆ ಬಿದ್ದುಹೋದರೂ, ನರ್ಸ್‌ಗಳ ನೋಂದಣಿ ನೋಡಿಕೊಳ್ಳುವ ಮಂಡಳಿ ತನ್ನದೇ ವಿಚಾರಣೆಯನ್ನು ಬೇರೆಯಾಗಿಯೇ ನಡೆಸಬಹುದು.