ಫೋನ್ ಸೈಲೆಂಟ್ ಮಾಡಲಾಗದ ಮಗ

ಗುರುತು ಸಿಗಬಹುದಾದ ವಿವರಗಳನ್ನೆಲ್ಲ ಬದಲಿಸಲಾಗಿದೆ. ವಯಸ್ಸು 38, ತಂದೆ-ತಾಯಿಯ ಜೊತೆ ಮಾತು ಬಿಟ್ಟು ಆರು ವರ್ಷ. ಚಿಕ್ಕಂದಿನಿಂದ ತಂದೆಯ ಹೀಯಾಳಿಕೆ, ಕೊನೆಗೆ ಹೆಂಡತಿಯ ಎದುರೇ ನಡೆದ ಒಂದು ಜಗಳ. ಅವರು ಆಪ್ತಸಲಹೆಗೆಂದು ನನ್ನ ಬಳಿ ಬಂದದ್ದು ನಿದ್ದೆ ಬರುವುದಿಲ್ಲ ಎಂದು. ಮನೆಯವರ ಮಾತೆತ್ತಿದರೆ "ಅದು ಮುಗಿದ ಕಥೆ, ಬಿಡಿ ಮೇಡಂ" ಎನ್ನುತ್ತಿದ್ದರು. ಇದೇ ಮಾತನ್ನು ಇದೇ ದನಿಯಲ್ಲಿ ಹೇಳುವವರು ಎಷ್ಟೋ ಜನ ಬರುತ್ತಾರೆ.

ನಾಲ್ಕನೇ ಭೇಟಿಯಲ್ಲಿ ಎಂದಿನಂತೆ ಫೋನನ್ನು ಮೇಜಿನ ಮೇಲೆ, ಪರದೆ ಕಾಣುವಂತೆ ಇಟ್ಟಿದ್ದರು. ಗೊತ್ತಿಲ್ಲದ ನಂಬರಿನಿಂದ ಕರೆ ಬಂತು. ಆಡುತ್ತಿದ್ದ ಮಾತನ್ನು ಅಲ್ಲೇ ಬಿಟ್ಟು ಎತ್ತಿದರು. ಸಾಲ ಬೇಕೇ ಎಂದು ಕೇಳುವ ಕರೆ. ಇಟ್ಟ ಮೇಲೂ ಬೆರಳು ನಡುಗುತ್ತಿದ್ದವು. ಒಂದು ಗಂಟೆ ಸೈಲೆಂಟ್‌ಗೆ ಹಾಕಬಹುದೇ ಎಂದು ಕೇಳಿದರೆ, ಆರು ವರ್ಷದಲ್ಲಿ ಒಂದು ರಾತ್ರಿಯೂ ಹಾಕಿಲ್ಲ ಎಂದರು. ಯಾರ ಕರೆ ತಪ್ಪಿಹೋದೀತು ಅಂತ? ತುಂಬ ಹೊತ್ತು ಸುಮ್ಮನಿದ್ದು ಹೇಳಿದರು: "ಅಪ್ಪ ತೀರಿಕೊಂಡ್ರೆ ನಂಗೆ ಯಾರು ತಿಳಿಸ್ತಾರೆ?"

ಕಥೆ ಮುಗಿದಿರಲಿಲ್ಲ. ದೇಹ ಆರು ವರ್ಷದಿಂದ ಕಾವಲು ಕೂತಿತ್ತು. ಯುದ್ಧದಲ್ಲಿ ಕಾಣೆಯಾದ ಸೈನಿಕರ ಕುಟುಂಬಗಳನ್ನು ಅಧ್ಯಯನ ಮಾಡಿದ ಅಮೆರಿಕದ ಕುಟುಂಬ ಚಿಕಿತ್ಸಕಿ ಪಾಲಿನ್ ಬಾಸ್, 1970ರ ದಶಕದಲ್ಲಿ ಇಂಥ ಸಂಕಟಕ್ಕೊಂದು ಹೆಸರು ಕೊಟ್ಟರು. ಕನ್ನಡದಲ್ಲಿ ಅದನ್ನು 'ಅಸ್ಪಷ್ಟ ನಷ್ಟ' ಎನ್ನಬಹುದು. ವ್ಯಕ್ತಿ ಕಣ್ಣೆದುರು ಇಲ್ಲ, ಮನಸ್ಸಿನಿಂದ ಹೋಗಿಯೂ ಇಲ್ಲ. ಅತ್ತು ಮುಗಿಸೋಣವೆಂದರೆ ಸಾವಾಗಿಲ್ಲ, ಸಮಾಧಾನ ಹೇಳಲು ಯಾರೂ ಮನೆಗೆ ಬರುವುದಿಲ್ಲ.

ಅಂದು ಕೊಟ್ಟ ಸಲಹೆ ಒಂದೇ: ಸುದ್ದಿ ಮುಟ್ಟಿಸಲು ಒಬ್ಬರನ್ನು ಗೊತ್ತುಮಾಡಿಕೊಳ್ಳಿ. ಆ ವ್ಯಕ್ತಿ ಜಗಳದಲ್ಲಿ ಪಾಲುದಾರರಾಗಿರಬಾರದು. ಎರಡೂ ಕಡೆ ಮಾತಿರಬೇಕು, ಚಾಡಿ ಹೇಳುವ ಅಭ್ಯಾಸ ಇರಬಾರದು. ನೀವು ಹೊಡೆತ, ಬೆದರಿಕೆಯ ಕಾರಣಕ್ಕೆ ದೂರವಾದವರಾದರೆ ಸುದ್ದಿ ತರುವವರಿಗೂ ಮನೆಯ ವಿಳಾಸ, ಕೆಲಸದ ಜಾಗ ತಿಳಿಸಬೇಡಿ, ಫೋನ್ ನಂಬರ್ ಸಾಕು. ಇವರು ಚಿಕ್ಕಮ್ಮನನ್ನು ಆರಿಸಿಕೊಂಡರು. ಮೊದಲು ಬರೆದು ತಂದ ಸಂದೇಶ ಎರಡು ಪುಟ, ತಂದೆ ಏನೇನು ಮಾಡಿದರೆಂಬ ಇಡೀ ಚರಿತ್ರೆ. ಅಷ್ಟನ್ನೂ ತೆಗೆಸಿದೆ. ವಿವರಣೆ ಕೊಟ್ಟರೆ ವಾದಕ್ಕೆ ಬಾಗಿಲು ತೆರೆದಂತೆ. ಕೊನೆಗೆ ಉಳಿದದ್ದು ಇಷ್ಟು:

"ಚಿಕ್ಕಮ್ಮ, ಅಪ್ಪನಿಗೋ ಅಮ್ಮನಿಗೋ ಆಸ್ಪತ್ರೆಗೆ ಸೇರಿಸುವಷ್ಟು ಹುಷಾರು ತಪ್ಪಿದರೆ, ಅಥವಾ ಅದಕ್ಕೂ ಮಿಗಿಲಾದದ್ದೇನಾದರೂ ಆದರೆ, ನನಗೆ ಫೋನ್ ಮಾಡ್ತೀರಾ? ಬೇರೆ ಸುದ್ದಿ ಬೇಡ. ನನ್ನ ಸುದ್ದಿಯನ್ನೂ ಅಲ್ಲಿ ಹೇಳಬೇಡಿ."

ಇದು ಕೆಡುವುದು ಸಾಮಾನ್ಯವಾಗಿ ಎರಡು ರೀತಿ. ಸುದ್ದಿ ತರುವವರು ಸಂಧಾನಕ್ಕೆ ಇಳಿಯುತ್ತಾರೆ. ಇಪ್ಪತ್ತು ದಿನಕ್ಕೇ ಚಿಕ್ಕಮ್ಮನ ಕರೆ ಬಂತು: "ನಿಮ್ಮಮ್ಮ ಸೊರಗಿ ಹೋಗಿದಾಳೆ ಕಣೋ." ಇದಕ್ಕೆ ಏನು ಹೇಳಬೇಕೆಂದು ಮೊದಲೇ ಬಾಯಿಪಾಠ ಮಾಡಿಸಿದ್ದೆ: "ಆಸ್ಪತ್ರೆ ವಿಷಯವಾ ಚಿಕ್ಕಮ್ಮ? ಅಲ್ಲಾಂದ್ರೆ ನಿಮ್ಮ ಆರೋಗ್ಯ ಹೇಗಿದೆ ಹೇಳಿ." ಸಿಟ್ಟಿಲ್ಲದೆ, ಪ್ರತಿ ಸಲ ಅದೇ ಮಾತು. ಮೂರು ಸಲ ಹೇಳಿದರೂ ನಿಲ್ಲದಿದ್ದರೆ ಬೇರೊಬ್ಬರನ್ನು ನೋಡಬೇಕು. ಎರಡನೆಯದು ಇದಕ್ಕಿಂತ ಹೆಚ್ಚು ನಡೆಯುತ್ತದೆ. ನಾವೇ ತಡೆಯಲಾರದೆ "ಅಪ್ಪ ನನ್ನ ಬಗ್ಗೆ ಏನಾದ್ರೂ ಕೇಳಿದ್ರಾ?" ಎಂದುಬಿಡುತ್ತೇವೆ. ಕೇಳಿಲ್ಲ ಎಂಬ ಉತ್ತರ ಬಂದರೆ ಆ ವಾರದ ನಿದ್ದೆ ಹೋದ ಹಾಗೇ. ಇವರಿಗೂ ಒಮ್ಮೆ ಹಾಗಾಯಿತು.

ನೇರ ತಂದೆಗೇ ಫೋನ್ ಮಾಡಿಸಬಹುದಿತ್ತಲ್ಲ, ಮನೆ ಕೂಡಿಸುವುದು ನಿಮ್ಮ ಕೆಲಸವಲ್ಲವೇ ಎಂದು ಕೇಳುವವರಿದ್ದಾರೆ. ರಾಜಿಗೆ ಇಬ್ಬರೂ ಬೇಕು, ನನ್ನೆದುರು ಕೂತಿದ್ದವರು ಒಬ್ಬರು. ತಂದೆ ಕ್ಷಮೆ ಕೇಳಿದ ಮೇಲೆಯೇ ಇವರು ನಿದ್ದೆ ಮಾಡಬೇಕು ಎಂದರೆ, ಇವರ ನಿದ್ದೆಯನ್ನು ಒಯ್ದು ತಂದೆಯ ಕೈಗೇ ಕೊಟ್ಟಂತಾಯಿತು. ನಡುಗುವ ಬೆರಳಲ್ಲಿ ಮಾಡಿದ ಕರೆ ಹಳೆಯ ಜಗಳದಲ್ಲೇ ಮುಗಿಯುವ ಸಂಭವ ಹೆಚ್ಚು. ಮುಂದೊಂದು ದಿನ ಇವರೇ ಮನಸ್ಸು ಮಾಡಿದರೆ ನಾನು ಅಡ್ಡ ಬರುವುದಿಲ್ಲ.

ತೆಗೆಸಿದ ಎರಡು ಪುಟಕ್ಕೂ ಜಾಗ ಬೇಕಿತ್ತು. ಮನಶ್ಶಾಸ್ತ್ರಜ್ಞ ಜೇಮ್ಸ್ ಪೆನ್ನೆಬೇಕರ್ 1986ರಲ್ಲಿ ಪ್ರಕಟಿಸಿದ ಪ್ರಯೋಗದಿಂದ ಬಳಕೆಗೆ ಬಂದ ಕ್ರಮವನ್ನು ಹೇಳಿಕೊಟ್ಟೆ: ಸತತ ನಾಲ್ಕು ದಿನ, ದಿನಕ್ಕೆ 15 ನಿಮಿಷ, ಕಾಗುಣಿತ ನೋಡದೆ, ಯಾರಿಗೂ ತೋರಿಸದೆ ಬರೆಯುವುದು. ಫೋನಿನಲ್ಲಿ ಬೇಡ, ಕಾಗದದ ಮೇಲೆಯೇ ಬರೆಯಿರಿ ಎಂಬುದು ನನ್ನ ಸೇರ್ಪಡೆ, ಕಳಿಸುವ ಗುಂಡಿ ಕೈಗೆ ತೀರಾ ಹತ್ತಿರ ಇರುತ್ತದೆ. ಮಲಗುವ ಮುಂಚೆ ಬರೆಯಬಾರದು, ಏಕೆಂದರೆ ಬರೆದ ಕೂಡಲೇ ಮನಸ್ಸು ಇನ್ನಷ್ಟು ಭಾರವಾಗುವುದುಂಟು. ಆ ಭಾರ ದಿನಗಟ್ಟಲೆ ಇಳಿಯದಿದ್ದರೆ, ಸಾಯುವ ಯೋಚನೆ ಸುಳಿದರೆ, ಬರೆಯುವುದನ್ನು ಬಿಟ್ಟು ತಕ್ಷಣ ವೈದ್ಯರನ್ನು ಕಾಣಬೇಕು.

ಫೋನಿನಲ್ಲಿ ಚಿಕ್ಕಮ್ಮನ ಕರೆಯೊಂದು ಮಾತ್ರ ಸದ್ದು ಮಾಡುವಂತೆ ಹೊಂದಿಸಿ, ಉಳಿದದ್ದನ್ನು ರಾತ್ರಿ ಹತ್ತರಿಂದ ಮೌನಕ್ಕೆ ಹಾಕಿದರು. ಮೊದಲ ವಾರ ಎದ್ದೆದ್ದು ನೋಡಿದರಂತೆ. ಎರಡನೇ ತಿಂಗಳಿಗೆ ಐದು ಗಂಟೆ ನಿದ್ದೆ ಬರತೊಡಗಿತು.

ಆ ಕರೆ ಬಂದ ದಿನಕ್ಕೆಂದು ಒಂದು ಹಾಳೆಯನ್ನೂ ಸಿದ್ಧ ಮಾಡಿದೆವು. ಹೋದರೆ ಜೊತೆಗೆ ಯಾರು: ಹೆಂಡತಿ. ಉಳಿಯುವುದೆಲ್ಲಿ: ಸ್ನೇಹಿತನ ಮನೆ. ಎಷ್ಟು ಹೊತ್ತು: ಎರಡು ಗಂಟೆ. ಯಾರಾದರೂ ಹಳೆಯದನ್ನು ಕೆದಕಿದರೆ: "ಇವತ್ತು ಬೇಡ" ಎಂದು ಹೊರಗೆ ಬರುವುದು. 'ಹೋಗುತ್ತೇನೆಯೇ' ಎಂಬ ಮೊದಲ ಸಾಲಿನ ಮುಂದೆ ಅವರು ಇನ್ನೂ ಏನೂ ಬರೆದಿಲ್ಲ. ನಾನೂ ಕೇಳಿಲ್ಲ.