ಫಾರ್ಸಿ ಕ್ರಿಯಾಪದ: ಕನ್ನಡದವರಿಗೆ ಎಲ್ಲಿ ಸಲೀಸು, ಎಲ್ಲಿ ತೊಡಕು?

ಇಂಗ್ಲಿಷ್ ಪುಸ್ತಕ ಹಿಡಿದು ಫಾರ್ಸಿ ಕಲಿಯುತ್ತಿದ್ದೀರಿ, ಕ್ರಿಯಾಪದವೂ ವಾಕ್ಯದ ಜೋಡಣೆಯೂ ತಲೆಗೆ ಹತ್ತುತ್ತಿಲ್ಲ ಅಂತ ಕೇಳಿದ್ದೀರಿ. ನನ್ನ ಸಲಹೆ, ಮೊದಲು ಆ ಇಂಗ್ಲಿಷನ್ನು ನಡುವಿನಿಂದ ತೆಗೆಯಿರಿ. ಅರ್ಧ ಕೆಲಸ ಕನ್ನಡವೇ ಮಾಡಿಕೊಡುತ್ತದೆ.

‘ಮನ್ ಕೆತಾಬ್ ರಾ ಖಾಂದಮ್.’ ನಾನು ಪುಸ್ತಕವನ್ನು ಓದಿದೆ. ಪದಕ್ಕೆ ಪದ ಕೂತಿದೆ, ಕ್ರಿಯಾಪದ ಕೊನೆಗೆ. ‘ರಾ’ ಹೆಚ್ಚುಕಡಿಮೆ ನಮ್ಮ ‘ಅನ್ನು’. ಇಂಥದ್ದೇ ಪುಸ್ತಕ ಅಂತ ಗುರುತಿದ್ದರೆ ಮಾತ್ರ ಅದು ಬರುತ್ತದೆ. ನಾವೂ ಸುಮ್ನೆ ‘ಪುಸ್ತಕ ಓದಿದೆ’ ಅನ್ನುತ್ತೇವಲ್ವಾ, ಹಾಗೆ. ಕೊನೆಯ ‘ಅಮ್’ ನೋಡಿದರೇ ‘ನಾನು’ ಅಂತ ಗೊತ್ತಾಗುವುದರಿಂದ ‘ಮನ್’ ಬಿಟ್ಟರೂ ನಡೆಯುತ್ತದೆ. ಲಿಂಗದ ತಲೆನೋವು ಇಲ್ಲವೇ ಇಲ್ಲ. ಹೋದನು, ಹೋದಳು, ಹೋಯಿತು, ಎಲ್ಲಕ್ಕೂ ‘ರಫ್ತ್’ ಒಂದೇ.

ಬೆವರಿಳಿಸುವುದು ಧಾತು. ಒಂದೊಂದು ಕ್ರಿಯಾಪದಕ್ಕೂ ಎರಡೆರಡು. ‘ರಫ್ತನ್’ ಅಂದರೆ ಹೋಗುವುದು. ಕೊನೆಯ ‘ಅನ್’ ಕಿತ್ತರೆ ಭೂತಕಾಲದ ಧಾತು ಸಿಕ್ಕಿತು: ‘ರಫ್ತಮ್’, ಹೋದೆ. ವರ್ತಮಾನಕ್ಕೆ ಬಂದರೆ ಧಾತು ‘ರವ್’, ಅದರ ಮುಂದೆ ‘ಮೀ’: ‘ಮೀರವಮ್’, ಹೋಗುತ್ತೇನೆ. ಟೆಹರಾನಿನ ಆಡುಮಾತಿನಲ್ಲಿ ಇದು ‘ಮೀರಮ್’ ಆಗುತ್ತದೆ. ‘ದೀದನ್’, ಅಂದರೆ ನೋಡುವುದು, ವರ್ತಮಾನದಲ್ಲಿ ‘ಬೀನ್’! ಇದನ್ನೆಲ್ಲ ಊಹಿಸೋಕೆ ಆಗಲ್ಲ, ಜೋಡಿಜೋಡಿಯಾಗಿ ಬಾಯಿಪಾಠ ಮಾಡುವುದೇ ದಾರಿ. ಒಂದು ಜೋಡಿ ನಿಮಗೆ ಆಗಲೇ ಬರುತ್ತದೆ. ಪೊಲೀಸರ ‘ಬಂದೋಬಸ್ತ್’ ಇದೆಯಲ್ಲ, ಕಟ್ಟುವುದು ಅನ್ನುವ ‘ಬಸ್ತನ್’ನ ಎರಡೂ ಧಾತು ಅದರೊಳಗಿವೆ: ಬಂದ್, ಬಸ್ತ್.

ಭವಿಷ್ಯಕ್ಕೆ ಬೇರೆ ರೂಪ ಇದೆ, ಆದರೆ ಅದು ಬರಹದ್ದು. ಮಾತಿನಲ್ಲಿ ನಮ್ಮ ಹಾಗೇ, ‘ಫರ್ದಾ ಮೀರವಮ್’, ನಾಳೆ ಹೋಗುತ್ತೇನೆ.

ಇನ್ನು ಕನ್ನಡ ಕೈಕೊಡುವ ಜಾಗ. ‘ಹೋಗಲು ಇಷ್ಟಪಡುತ್ತೇನೆ’ ಅನ್ನಲು ‘ಹೋಗಲು’ ಜಾಗದಲ್ಲಿ ‘ರಫ್ತನ್’ ಹಾಕೋಣ ಅನಿಸುತ್ತದೆ. ಹಾಕಬೇಡಿ. ‘ಮೀಖಾಹಮ್ ಬೆರವಮ್’ ಅನ್ನಬೇಕು. ಎರಡು ಕ್ರಿಯಾಪದಕ್ಕೂ ‘ನಾನು’ ಅನ್ನುವ ಪ್ರತ್ಯಯ ಬಂತು, ಎರಡನೆಯದಕ್ಕೆ ಮುಂದೆ ‘ಬೆ’ ಸೇರಿತು. ಹಾಗೇ ‘ನಿನ್ನೆ ಬಂದ ಹುಡುಗ’ ಅಲ್ಲಿ ತಿರುಗುಮುರುಗು: ‘ಪೆಸರೀ ಕೆ ದೀರೂಜ್ ಆಮದ್’. ಹುಡುಗ ಮೊದಲು, ಬಂದದ್ದು ಆಮೇಲೆ. ‘ಅವನು ಬಂದ ಅಂತ ಗೊತ್ತು’ ಅನ್ನುವುದೂ ‘ಮೀದಾನಮ್ ಕೆ ಆಮದ್’ ಆಗುತ್ತದೆ: ‘ಗೊತ್ತು’ ಮೊದಲು, ‘ಬಂದ’ ಆಮೇಲೆ, ಎರಡನ್ನೂ ಜೋಡಿಸುವುದು ‘ಕೆ’. ಹಿಂದಿಯ ‘ಕಿ’ ಕಿವಿಗೆ ಬಿದ್ದಿದ್ದರೆ ಈ ‘ಕೆ’ ಬೇಗ ಒಗ್ಗುತ್ತದೆ.

ಒಂದು ನಾಮಪದಕ್ಕೆ ಮಾಮೂಲಿ ಕ್ರಿಯಾಪದ ಸೇರಿ ಆಗುವ ಜೋಡುಕ್ರಿಯಾಪದಗಳಿಗೆ ಹೆದರಬೇಡಿ. ರೂಪ ಬದಲಾಗುವುದು ಎರಡನೇ ಪದದ್ದು ಮಾತ್ರ, ಹಾಗಾಗಿ ಅವು ಜಾಸ್ತಿ ಇದ್ದಷ್ಟೂ ಒಳ್ಳೆಯದೇ. ‘ಕಾರ್ ಕರ್ದನ್’ ಅಂದರೆ ಕೆಲಸ ಮಾಡುವುದು. ‘ಜಮೀನ್ ಖೊರ್ದನ್’ ಅಂದರೆ ಅಕ್ಷರಶಃ ನೆಲ ತಿನ್ನುವುದು, ಅರ್ಥ ಬೀಳುವುದು. ಪೆಟ್ಟು ತಿನ್ನುವ ನಮಗೆ ಅದೇನು ಹೊಸದಲ್ಲ. ‘ಮೀ’ ಆಗಲಿ, ‘ಇಲ್ಲ’ ಅನ್ನುವ ‘ನ’ ಆಗಲಿ, ಎರಡನೇ ಪದಕ್ಕೇ ಅಂಟುತ್ತದೆ: ‘ಕಾರ್ ನೆಮೀಕೊನಮ್’, ಕೆಲಸ ಮಾಡುವುದಿಲ್ಲ (‘ಕರ್ದನ್’ನ ವರ್ತಮಾನದ ಧಾತು ‘ಕೊನ್’). ‘ಮೀ’ ಪಕ್ಕದಲ್ಲಿ ‘ನ’ ಹೋಗಿ ‘ನೆ’ ಆಯಿತು, ಅಷ್ಟೇ.